ಅವ್ವ ಹೇಳುವ ಕಥೆ, ಮಗು ಓದುವ ಪುಸ್ತಕ: ಕೆಲಸ ಎಲ್ಲಿಗೆ ಬಂತು

ಜೂನ್, ಶಾಲೆ ಶುರುವಾದ ಮೇಲೆ

ಧಾರವಾಡ ತಾಲ್ಲೂಕಿನ ನಮ್ಮೂರ ಅರಿವು ಕೇಂದ್ರದಲ್ಲಿ, ಅಂದರೆ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ, ಭಾನುವಾರ ಮಧ್ಯಾಹ್ನ ತಾಯಂದಿರನ್ನೂ ಒಂದನೇ ಇಯತ್ತೆಯ ಮಕ್ಕಳನ್ನೂ ಒಟ್ಟಿಗೆ ಕೂಡಿಸುವ ಕೆಲಸ ಈ ವರ್ಷವೂ ನಡೆದಿದೆ. ಜಾಗಕ್ಕೆ ಕೊರತೆಯಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ಬಂದವು. ಮರುವರ್ಷ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾಗಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಪುಕ್ಕಟೆ ಆಯಿತು. ಅಂದಿನಿಂದ ಮಕ್ಕಳ ಚಪ್ಪಲಿ ಬಾಗಿಲಲ್ಲಿ ಕಾಣುತ್ತವೆ. ಅವ್ವಂದಿರು ಮಾತ್ರ ಹೊಸ್ತಿಲ ಹೊರಗೇ ನಿಲ್ಲುತ್ತಾರೆ. ‘ಓದಾಕ ಬರಂಗಿಲ್ಲರಿ ಅಕ್ಕಾರ, ಒಳಗ ಬಂದು ನಾವೇನ್ ಮಾಡೂಣು?’

ನಾಲ್ಕನೇ ಇಯತ್ತೆವರೆಗೆ ಕಲಿತವರದು ಇನ್ನೊಂದು ತಕರಾರು. ‘ನಾವು ಅ ಆ ಇ ಈ ಕಲ್ತಿದ್ವಿ. ಇವು ರ ಗ ಸ ದ ಅ ಅಂತಾವು. ಮನ್ಯಾಗ ಏನಂತ ಹೇಳಿಕೊಡೋದು?’ ಸರಕಾರಿ ಶಾಲೆಗಳ ಕಲಿಕಾ ಪದ್ಧತಿಯಾದ ನಲಿ-ಕಲಿಯ ಈ ಕ್ರಮಕ್ಕೆ ಕಾರಣ ಇದೆ. ವರ್ಣಮಾಲೆಯ ಸಾಲಿನಲ್ಲಿ ಹೋದರೆ ಹದಿನಾರು ಅಕ್ಷರ ಬಾಯಿಪಾಠ ಆದರೂ ನಾಲ್ಕು ಪದ ಓದಲು ಸಿಗುವುದಿಲ್ಲ. ಈ ಐದೇ ಅಕ್ಷರಗಳಿಂದ ಸರ, ದರ, ಅರಸ, ಗರಗಸ ಎಲ್ಲ ಹುಟ್ಟುತ್ತವೆ. ಇದನ್ನು ಬೋರ್ಡಿನ ಮೇಲೆ ಬರೆದು ತೋರಿಸಿದಾಗ ಅವ್ವಂದಿರ ಮುಖ ಸಡಿಲಾಯಿತು. ಶಾಲೆಯಲ್ಲಿ ತಾಯಂದಿರ ಸಭೆ ಕರೆದಾಗ ಮೊದಲು ಹೇಳಬೇಕಾದ ಮಾತೇ ಇದು ಅಂತ ನನಗನ್ನಿಸುತ್ತದೆ.

ಬೋರ್ಡಿನ ಮೇಲೆ ‘ಅರಸ’ ಅಂತ ಬರೆದದ್ದನ್ನು ನೋಡುತ್ತ ನಿಂತಾಗಲೇ ಈ ವರ್ಷದ ಕೆಲಸ ಹೊಳೆದದ್ದು. ಅವ್ವ ಬಾಯಿಂದ ಕಥೆ ಹೇಳಲಿ, ತನಗೆ ಓದಲು ಬರುವ ಪದ ಬಂದಾಗ ಮಗು ಓದಲಿ. ಹಾಗೆ ನಡೆಯುವ ಪುಸ್ತಕವನ್ನು ನಾವೇ ಕೈಯಾರೆ ಮಾಡುವುದು.

ಜುಲೈ, ಮೊದಲ ಪುಸ್ತಕ

ಆರಿಸಿಕೊಂಡದ್ದು ಪಂಚತಂತ್ರದ ಕಾಗೆ-ಹಾವಿನ ಕಥೆ. ಮರದ ಮೇಲಿನ ಕಾಗೆಯ ಮರಿಗಳನ್ನು ಹಾವು ತಿನ್ನುತ್ತದೆ, ಕಾಗೆ ಅರಮನೆಯಿಂದ ಸರ ಹಾರಿಸಿಕೊಂಡು ಬಂದು ಹಾವಿನ ಹುತ್ತಕ್ಕೆ ಹಾಕುತ್ತದೆ, ಬೆನ್ನಟ್ಟಿ ಬಂದ ಆಳುಗಳು ಹುತ್ತ ಅಗೆದು ಹಾವು ಕೊಲ್ಲುತ್ತಾರೆ. ಅರಸ ಇದ್ದಾನೆ, ಸರ ಇದೆ. ಎರಡೂ ಮೊದಲ ಐದು ಅಕ್ಷರಗಳಲ್ಲೇ ಮುಗಿಯುತ್ತವೆ.

ಬರೆಯಲು ಕೂತಾಗ ಕನ್ನಡ ತನ್ನ ಗುಣ ತೋರಿಸಿತು. ನಮ್ಮ ಮಾತಿನಲ್ಲಿ ಪದ ಬರಿಗೈಯಲ್ಲಿ ನಿಲ್ಲುವುದೇ ಕಡಿಮೆ, ಬಾಲಕ್ಕೆ ಏನಾದರೂ ಅಂಟಿಸಿಕೊಂಡೇ ಬರುತ್ತದೆ: ಅರಸನ, ಅರಸನಿಗೆ, ಸರವನ್ನು. ಐದು ಅಕ್ಷರದ ಮಗುವಿಗೆ ಇವೆಲ್ಲ ದಾಟಲಾಗದ ಹಳ್ಳ. ಹಾಗಾಗಿ ಒಂದೊಂದು ವಾಕ್ಯವನ್ನೂ ಹೊರಳಿಸಿ ನೋಡಿದೆವು. ‘ಅರಸನ ಹೆಂಡತಿಯ ಸರವನ್ನು ಕಾಗೆ ಕದ್ದಿತು’ ಅನ್ನುವುದು ‘ಅರಸ ಬಂದ. ರಾಣಿ ಅತ್ತಳು. ಸರ ಎಲ್ಲಿ? ಸರ ಇಲ್ಲ!’ ಅಂತ ಆಯಿತು. ಓದಿ ನೋಡಿದರೆ ಕಥೆಗೆ ಓಟ ಬಂದಿತ್ತು. ‘ಅರಸ’ ಮತ್ತು ‘ಸರ’ ಕೆಂಪು ಸ್ಕೆಚ್ ಪೆನ್ನಿನಲ್ಲಿ, ಉಳಿದದ್ದು ಕಪ್ಪಿನಲ್ಲಿ. ಕಪ್ಪು ಅವ್ವನದು, ಕೆಂಪು ಮಗುವಿನದು.

ಹೇಳುವವರ ಬಾಯಲ್ಲಿ ಅದು ‘ರಾಜಾ’ ಎಂದೇ ಬರುತ್ತಿತ್ತು. ಅರಸ ಅಂದರೆ ಪುಸ್ತಕದ ಮಾತಾಗುತ್ತದೇನೋ ಎಂಬ ಚರ್ಚೆ ನಡೆದಾಗ, ಮೂಲೆಯಲ್ಲಿ ಅಡಿಕೆ ಕತ್ತರಿಸುತ್ತ ಕೂತಿದ್ದ ಅಜ್ಜಿಯೊಬ್ಬರು ‘ನಮ್ಮವ್ವ ಅರಸ ಅಂತಿದ್ಲವಾ, ಬರೀರಿ’ ಅಂದರು. ಬರೆದೆವು.

ಕಟ್ಟುವುದು ಸುಲಭ. ನಾಲ್ಕು ಎ4 ಹಾಳೆ ನಡುವೆ ಮಡಿಸಿದರೆ 16 ಪುಟ, ಮಡಿಕೆಯ ಮೇಲೆ ದಬ್ಬಣದಿಂದ ಮೂರು ತೂತು, ಮೇಣದ ದಾರ. ಪಿನ್ನು ಹೊಡೆಯುವುದಿಲ್ಲ, ಚಿಕ್ಕ ಮಕ್ಕಳ ಬೆರಳಿಗೆ ಚುಚ್ಚುತ್ತದೆ. ಅಕ್ಷರದ ಎತ್ತರ ಸುಮಾರು ಒಂದು ಸೆಂಟಿಮೀಟರ್, ಸಾಲುಗಳ ನಡುವೆ ಅದರ ಎರಡರಷ್ಟು ಜಾಗ. ಅಷ್ಟು ಬಿಡದಿದ್ದರೆ ‘ಹುತ್ತ’ದ ಒತ್ತು ಕೆಳಗಿಳಿದು ಮುಂದಿನ ಸಾಲಿನ ಗುಡಿಸಿಗೆ ತಾಗುತ್ತದೆ. ಮಗುವಿಗೆ ಯಾವುದು ಯಾರದೆಂದು ತಿಳಿಯುವುದಿಲ್ಲ. ಸಾಲಿನ ಕೊನೆಯಲ್ಲಿ ಪದ ಒಡೆಯುವುದೂ ಇಲ್ಲ.

ಶ್ರಾವಣ

ಎರಡನೆಯದು ಕಾಗಕ್ಕ ಗುಬ್ಬಕ್ಕ. ಇದನ್ನು ಯಾರಿಗೂ ಹೇಳಿಕೊಡಬೇಕಾಗಲಿಲ್ಲ. ನನಗಿಂತ ಚೆನ್ನಾಗಿ ಎಲ್ಲರಿಗೂ ಬರುತ್ತದೆ. ಮಳೆಗೆ ಕಾಗಕ್ಕನ ಸಗಣಿ ಮನೆ ಕರಗಿ, ಆಕೆ ಬಂದು ಬಾಗಿಲು ಬಡಿಯುವಲ್ಲಿ ಒಬ್ಬ ತಾಯಿ ಎರಡೂ ದನಿಯಲ್ಲಿ ಹೇಳಿದಳು:

‘ಗುಬ್ಬಕ್ಕಾ ಗುಬ್ಬಕ್ಕಾ, ಬಾಗಲಾ ತಗಿ!’
‘ತಡಿ ಕಾಗಕ್ಕಾ, ಕೂಸಿಗೆ ಎರಿಯಾಕತ್ತೇನಿ.’
‘ಗುಬ್ಬಕ್ಕಾ ಗುಬ್ಬಕ್ಕಾ, ಬಾಗಲಾ ತಗಿ!’
‘ತಡಿ ಕಾಗಕ್ಕಾ, ಕೂಸಿಗೆ ಕುಂಚಗಿ ಕಟ್ಟಾಕತ್ತೇನಿ.’

ಆಕೆ ಹೇಳಿದಂತೆಯೇ ಬರೆದೆ. ಕೆಲವರು ‘ಶುದ್ಧ ಮಾಡಿ ಬರೀರಿ, ಮಕ್ಕಳು ಸಾಲ್ಯಾಗ ಹಿಂಗ ಬರದ್ರ ಏನ್ ಗತಿ?’ ಅಂದರು. ಅವರ ಆತಂಕ ನನಗೆ ಅರ್ಥವಾಗುತ್ತದೆ. ಕಥನವನ್ನು ಶಾಲೆಯ ಕನ್ನಡದಲ್ಲಿ, ಮಾತುಕತೆಯನ್ನು ಮನೆಯ ಕನ್ನಡದಲ್ಲಿ ಇಟ್ಟೆವು. ಕಿವಿಯಲ್ಲಿ ಇರುವ ಮಾತೇ ಹಾಳೆಯ ಮೇಲೂ ಕಂಡಾಗ ಮಗುವಿಗೆ ಓದುವುದೆಂದರೇನು ಎಂಬುದು ತಿಳಿಯುತ್ತದೆ. ಅದಕ್ಕಿಂತ ದೊಡ್ಡ ಪಾಠ ಒಂದನೇ ಇಯತ್ತೆಯಲ್ಲಿ ಇನ್ನೇನಿದೆ?

ಒಂದು ಪ್ರಶ್ನೆ ಪದೇ ಪದೇ ಬರುತ್ತದೆ. ಮಗು ಬಾಯಿಪಾಠ ಒಪ್ಪಿಸುತ್ತದಲ್ಲ, ಅದು ಓದೇ? ಪರೀಕ್ಷೆ ಸರಳ. ಪುಟವನ್ನು ಅಂಗೈಯಿಂದ ಮುಚ್ಚಿ, ಒಂದೊಂದೇ ಸಾಲು ಬಿಡುತ್ತ ‘ತಡಿ ಎಲ್ಲೈತಿ?’ ಅಂತ ಕೇಳುವುದು. ಕೆಲವು ಮಕ್ಕಳು ಸುಮ್ಮನೆ ನಗುತ್ತಾರೆ. ಕೆಲವರು ಬೆರಳಿಡುತ್ತಾರೆ. ಅಕ್ಷರ ಬಿಡಿಸಿ ಓದದಿದ್ದರೂ ಪದದ ಆಕಾರ ಗುರುತು ಹಿಡಿದಿದ್ದಾರೆ ಅಂದ ಹಾಗಾಯಿತು. ಅಲ್ಲಿಂದ ‘ತ’ ಮತ್ತು ‘ಡಿ’ ಬೇರೆ ಮಾಡುವುದು ಒಂದೇ ಹೆಜ್ಜೆ.

ಅವಸರ ಮಾಡಬೇಡಿ ಅಂತ ತಾಯಂದಿರಿಗೆ ಹೇಳುತ್ತಲೇ ಇರುತ್ತೇನೆ. ಇಂಗ್ಲಿಷಿನ 26 ಅಕ್ಷರ ಮುಗಿದ ಹಾಗೆ ನಮ್ಮದು ಒಂದು ವರ್ಷಕ್ಕೆ ಮುಗಿಯುವುದಿಲ್ಲ. 34 ವ್ಯಂಜನ, ಪ್ರತಿಯೊಂದಕ್ಕೂ ಕಾಗುಣಿತ, ಅದರ ಮೇಲೆ ಒತ್ತು. ಕನ್ನಡ ಕಲಿಯುವ ಮಕ್ಕಳ ಬಗ್ಗೆ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಇದೇ ಕಂಡಿತು. ಅಕ್ಷರಗಳು ಪೂರ್ತಿ ಕೈಗೆ ಹತ್ತಲು ಮಕ್ಕಳಿಗೆ ಮೂರ್ನಾಲ್ಕು ತರಗತಿಗಳೇ ಹಿಡಿಯುತ್ತವೆ. ಅಷ್ಟು ವರ್ಷ ಮಗುವಿನ ಆಸೆ ಬತ್ತದಂತೆ ಕಾಯಬೇಕಾದರೆ ಕಥೆ ಬೇಕೇ ಬೇಕು.

ಹೆಸರುಕಾಯಿ ಬಿಡಿಸುವ ಹಂಗಾಮು

ತಾಯಂದಿರೆಲ್ಲ ಹೊಲದಲ್ಲಿ. ಅಜ್ಜಿಯರು ಬಂದರು, ಹೂಂಗುಟ್ಟುವುದನ್ನು ಜೊತೆಗೆ ತಂದರು. ಮಗು ‘ಹೂಂ’ ಅನ್ನದಿದ್ದರೆ ಅವರ ಕಥೆ ಮುಂದೆ ಹೋಗುವುದಿಲ್ಲ. ಅಡಿಕೆ ಅಜ್ಜಿ ನಡುವೆ ಗಪ್ಪನೆ ನಿಂತು, ‘ಹಾವು ಈಗ ಎಲ್ಲಿ ಹೊಕ್ಕೊಂತು ಹೇಳು’ ಅಂತ ಮೊಮ್ಮಗಳನ್ನೇ ಕೇಳುತ್ತಾರೆ. ಆಕೆ ‘ತೂತಿನ್ಯಾಗ’ ಅಂದರೆ, ‘ಹೂಂ, ಮಣ್ಣಿನ ಹುತ್ತಿನ್ಯಾಗ’ ಅಂತ ಒಂದು ಪದ ಕೂಡಿಸಿ ಮುಂದೆ ಹೋಗುತ್ತಾರೆ.

ಅಮೆರಿಕದ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಅಧ್ಯಯನ ಇದರ ಬಗ್ಗೆಯೇ. ಚಿತ್ರಪುಸ್ತಕ ಓದುವಾಗ ನಡುನಡುವೆ ಪ್ರಶ್ನೆ ಕೇಳಿ, ಮಗುವಿನ ಉತ್ತರಕ್ಕೆ ಒಂದೆರಡು ಮಾತು ಸೇರಿಸಿ ಹಿಂತಿರುಗಿಸಲು ತಂದೆ ತಾಯಿಗೆ ಕಲಿಸಿದರು. ಒಂದೇ ತಿಂಗಳಲ್ಲಿ ಆ ಮಕ್ಕಳ ಮಾತು ಉಳಿದ ಮಕ್ಕಳಿಗಿಂತ ಮುಂದೆ ಹೋಗಿತ್ತು. ಅಲ್ಲಿ ತರಬೇತಿ ಕೊಟ್ಟು ಕಲಿಸಿದ್ದು ನಮ್ಮ ಪಡಸಾಲೆಯಲ್ಲಿ ಕೂತೇ ಇದೆ. ಅಜ್ಜಿಯ ಕೈಗೆ ಪುಸ್ತಕವೊಂದನ್ನು ಕೊಟ್ಟರೆ ಸಾಕು. ಓದಲು ಬಾರದವರು ಪುಸ್ತಕ ಹಿಡಿದು ಕೂತರೆ ಮಗುವಿಗೆ ಏನು ಲಾಭ ಅನ್ನುವವರಿಗೆ ನಾನು ತೋರಿಸುವುದು ಈ ಅಜ್ಜಿ-ಮೊಮ್ಮಗಳನ್ನೇ. ಪುಟ ತಿರುವುವುದು ಮೊಮ್ಮಗಳು, ಕೆಂಪು ಪದ ಓದುವುದೂ ಅವಳೇ. ಅಜ್ಜಿ ಈಗ ‘ಸರ’ವನ್ನು ಗುರುತಿಸುತ್ತಾರೆ.

ದೀಪಾವಳಿ ಕಳೆದು

ಗೋವಾದಲ್ಲಿ ಗೌಂಡಿ ಕೆಲಸಕ್ಕಿರುವ ಒಬ್ಬ ಅಪ್ಪ ಹಬ್ಬಕ್ಕೆ ಬಂದಾಗ ಪುಸ್ತಕ ನೋಡಿ, ತನ್ನ ಮಗನಿಗೂ ಒಂದು ಬೇಕೆಂದ. ಆತನ ಕಥೆ ನರಿ ಮತ್ತು ರೈತನದು. ಹೋದ ಮೇಲೆ ವಾಟ್ಸಾಪ್‌ನಲ್ಲಿ ದನಿ ಕಳಿಸಿದ, ನಾವು ಇಲ್ಲಿ ಬರೆದು ಹೊಲಿದೆವು. ಪ್ರತಿ ಪುಟದ ಕೊನೆಗೆ ‘ಹಾಳಿ ತಿರುವಪಾ’ ಅಂತ ಆತನೇ ಹೇಳುತ್ತಾನೆ. ಹುಡುಗ ಮೊಬೈಲನ್ನು ಗೋಡೆಗೆ ಆನಿಸಿಟ್ಟು, ಅಪ್ಪನ ದನಿಗೆ ಬೆರಳು ಜೋಡಿಸುತ್ತ ಹೋಗುತ್ತಾನೆ. ದುಡಿಯಲು ಹೊರಗೆ ಹೋದ ಅಪ್ಪಂದಿರು ನಮ್ಮ ಭಾಗದಲ್ಲಿ ಬಹಳ. ಇದನ್ನು ಇನ್ನೂ ಮಾಡಬೇಕು.

ಅಚ್ಚಾದ ಪುಸ್ತಕಗಳೂ ನಮಗೆ ಬೇಕು. ಪ್ರಥಮ್ ಬುಕ್ಸ್ ಪ್ರಕಾಶನ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಕಥೆಗಳು ಮುಕ್ತ ಪರವಾನಗಿಯಲ್ಲಿವೆ, ಇಳಿಸಿ ಮುದ್ರಿಸಬಹುದು. ಬರೆದವರ, ಚಿತ್ರ ಬಿಡಿಸಿದವರ ಹೆಸರು ಹಾಗೇ ಉಳಿಸಬೇಕು ಅಷ್ಟೇ. ಮೊದಲ ಹಂತದವುಗಳಲ್ಲಿ ಪುಟಕ್ಕೆ ಒಂದೆರಡು ಸಾಲು ಇರುವುದರಿಂದ ಕೆಂಪು ಪದ ಗುರುತು ಹಾಕಿಕೊಳ್ಳಲು ಸಲೀಸು.

ಈಗ

ಶಾಲೆಯಲ್ಲಿ ‘ಜ ವ ಮ ಬ ನ’ ಮುಗಿದಿದೆ. ಹಳೆಯ ಐದರ ಜೊತೆ ಸೇರಿ ಮರ, ಮಗ, ಜನ, ನಗರ, ಬಸವ ಎಲ್ಲ ಬಂದವು. ‘ಅರಸನ’ ಕೂಡ ಬಂತು, ಮೊದಲ ಪುಸ್ತಕದಲ್ಲಿ ತಪ್ಪಿಸಿಕೊಂಡು ಬರೆದ ವಾಕ್ಯಗಳನ್ನು ಇನ್ನು ಧೈರ್ಯವಾಗಿ ಬರೆಯಬಹುದು. ಮುಂದಿನ ಪುಸ್ತಕಕ್ಕೆ ಬಸವನ ಕಥೆ ಹುಡುಕುತ್ತಿದ್ದೇವೆ. ಹೋರಿ ಬಸವ ಮನೆ ಬಿಟ್ಟು ಹೋಗಿ ತಿರುಗಿ ಬರುವ ಒಂದು ಕಥೆಯನ್ನು ಗುಬ್ಬಕ್ಕನ ದನಿ ತೆಗೆದ ತಾಯಿ ಅರ್ಧ ಹೇಳಿದ್ದಾಳೆ, ಉಳಿದರ್ಧ ಆಕೆಯ ತವರಲ್ಲಿ ಕೇಳಿಕೊಂಡು ಬರಬೇಕಂತೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಬಸವನ ಕಥೆ ಬರುತ್ತಿದ್ದರೆ ಅವರು ಹೇಳಿದ ಹಾಗೇ ಬರೆದು ಕಳಿಸಿ. ತಿದ್ದಬೇಡಿ. ಕೆಂಪು ಪದ ನಾವು ಹುಡುಕಿಕೊಳ್ಳುತ್ತೇವೆ.