ಸ ಗ ಪ ಧ: ಒಂದೇ ಕಾರ್ಡಿಗೆ ಎರಡು ಹೆಸರು

ಬೆಳಗಾವಿಯ ಶಹಾಪುರದ ನಮ್ಮ ಮನೆಗೆ ಭಾನುವಾರ ಬೆಳಿಗ್ಗೆ ಕೀಬೋರ್ಡ್ ಕಲಿಯಲು ಬರುವ ಹುಡುಗನೊಬ್ಬ ಕಳೆದ ವಾರ ಒಂದು ಹಾಳೆಯನ್ನು ಮುಂದಿಟ್ಟು, "ಸರ್, ಇದು ಸಿ ಸಿಕ್ಸ್ ಏನ್ರಿ, ಎ ಮೈನರ್ ಸೆವೆನ್ ಏನ್ರಿ?" ಎಂದು ಕೇಳಿದ. ಸ್ಟಾಫ್ ನೊಟೇಶನ್ನಿನಲ್ಲಿ, ಅಂದರೆ ಐದು ಗೆರೆಗಳ ಪಾಶ್ಚಾತ್ಯ ಸ್ವರಲಿಪಿಯಲ್ಲಿ, ಸಿ, ಇ, ಜಿ, ಎ ಎಂಬ ನಾಲ್ಕು ಸ್ವರಗಳು ಒಂದರ ಮೇಲೊಂದು ಕುಳಿತಿದ್ದವು; ಬಿಳಿ ಒಂದನ್ನು ಷಡ್ಜವಾಗಿ ಹಿಡಿದರೆ ಸ ಗ ಪ ಧ. ಹಾಳೆಯಲ್ಲಿ ಅದೇ ಕಾರ್ಡ್, ಅಂದರೆ ಒಮ್ಮೆಗೇ ನುಡಿಸುವ ಸ್ವರಗಳ ಗುಚ್ಛ, ಎರಡು ಕಡೆ ಬಂದಿತ್ತು, ಮೂರನೆಯ ಸಾಲಿನ ನಡುವೆ ಒಮ್ಮೆ, ಹಾಡು ಮುಗಿಯುವಲ್ಲಿ ಇನ್ನೊಮ್ಮೆ. ಸೆವೆಂತ್ ಕಾರ್ಡುಗಳನ್ನು, ಅಂದರೆ ಕಾರ್ಡಿಗೆ ಹೆಸರು ಕೊಡುವ ಮೂಲಸ್ವರದಿಂದ ಎಣಿಸಿದರೆ ಏಳನೆಯದಾಗುವ ಸ್ವರವೂ ಸೇರಿದ ನಾಲ್ಕು ಸ್ವರಗಳ ಕಾರ್ಡುಗಳನ್ನು, ಓದುವ ಮತ್ತು ಹೆಸರಿಸುವ ಕೆಲಸದ ಸಾರವೆಲ್ಲ ಆ ಪ್ರಶ್ನೆಯಲ್ಲಿಯೇ ಇದ್ದುದರಿಂದ ಅದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಹಾರ್ಮೋನಿಯಂ ವಾದಕ ಪಂಡಿತ ರಾಮಭಾವು ವಿಜಾಪುರೆಯವರು ನೆಲೆಸಿದ್ದ ಈ ಊರಿನಲ್ಲಿ ಹಾರ್ಮೋನಿಯಂ ಹಿಡಿದು ಬೆಳೆದವರಿಗೆ ಕಾರ್ಡ್ ಎಂಬುದು ತಡವಾಗಿ ಪರಿಚಯವಾಗುವ ವಸ್ತು. ನಮ್ಮ ಕಿವಿ ಒಂದು ಸ್ವರದಿಂದ ಇನ್ನೊಂದಕ್ಕೆ ಸಾಗುವ ದಾರಿಯನ್ನು ಗುರುತಿಸುತ್ತದೆಯೇ ಹೊರತು, ನಾಲ್ಕು ಸ್ವರಗಳು ಒಮ್ಮೆಗೇ ನುಡಿದಾಗ ಅವುಗಳಲ್ಲಿ ಯಜಮಾನ ಯಾರೆಂದು ಕೇಳಿ ಅದಕ್ಕೆ ರೂಢಿಯಿಲ್ಲ. ಸ್ವರಭಾಷೆಯಲ್ಲಿ ಹೇಳಿದರೆ ರಚನೆ ಸರಳವಾಗಿದೆ. ಸ ಗ ಪ ಎಂಬ ಮೂರರ ಮೇಲೆ ಶುದ್ಧ ನಿಷಾದವನ್ನು ಇಟ್ಟರೆ ಸಿ ಮೇಜರ್ ಸೆವೆನ್, ಕೋಮಲ ನಿಷಾದವನ್ನು ಇಟ್ಟರೆ ಬರಿಯ ಸಿ ಸೆವೆನ್, ಗಾಂಧಾರವನ್ನೂ ಕೋಮಲ ಮಾಡಿದರೆ ಸಿ ಮೈನರ್ ಸೆವೆನ್. ಹೆಸರಿನಲ್ಲಿರುವ 'ಮೇಜರ್' ಎಂಬ ಮಾತು ನಿಷಾದಕ್ಕೆ ಸೇರಿದ್ದು, 'ಮೈನರ್' ಎಂಬುದು ಗಾಂಧಾರಕ್ಕೆ ಸೇರಿದ್ದು. ಹೊಸಬರು ಮೊದಲು ಎಡವುವುದೇ ಇಲ್ಲಿ.

ಬರವಣಿಗೆಯಲ್ಲಿ ದೊಡ್ಡ ಎಂ ಅಕ್ಷರ ಮೇಜರ್‌ಗೂ ಸಣ್ಣ ಎಂ ಅಕ್ಷರ ಮೈನರ್‌ಗೂ ನಿಲ್ಲುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಕೆಲವು ವರ್ಷಗಳ ಹಿಂದೆ ಒಂದು ಭಾವಗೀತೆಯ ಕಾರ್ಯಕ್ರಮದಲ್ಲಿ ನನ್ನ ಕೈಗೆ ಬಂದ ಝೆರಾಕ್ಸ್ ಪ್ರತಿಯಲ್ಲಿ ಎರಡು ಎಂಗಳೂ ಒಂದೇ ಅಳತೆಯಲ್ಲಿದ್ದವು. ಗಾಯಕಿ ಶುದ್ಧ ಗಾಂಧಾರದ ಮೇಲೆ ನಿಂತಿದ್ದಾಗ ನನ್ನ ಬೆರಳು ಕೋಮಲ ಗಾಂಧಾರದ ಮೇಲೆ ಬಿತ್ತು. ಅಂದಿನಿಂದ ಮೇಜರ್ ಎನ್ನುವಲ್ಲಿ ಎಂ, ಎ, ಜೆ ಎಂಬ ಮೂರಕ್ಷರಗಳನ್ನೂ ಬಿಡಿಸಿ ಬರೆಯುತ್ತೇನೆ, ವಿದ್ಯಾರ್ಥಿಗಳಿಂದಲೂ ಹಾಗೆಯೇ ಬರೆಸುತ್ತೇನೆ.

ಇನ್ನು ಓದುವ ವಿಷಯ. ಸೆವೆಂತ್ ಕಾರ್ಡಿನ ನಾಲ್ಕು ಸ್ವರಗಳೂ ಗೆರೆಗಳ ಮೇಲೆಯೇ ಇದ್ದರೆ, ಇಲ್ಲವೆ ನಾಲ್ಕೂ ಗೆರೆಗಳ ನಡುವಿನ ಜಾಗಗಳಲ್ಲಿಯೇ ಇದ್ದರೆ, ಎಲ್ಲಕ್ಕಿಂತ ಕೆಳಗಿರುವುದೇ ಮೂಲಸ್ವರ. ಜಿ, ಬಿ, ಡಿ, ಎಫ್ ಹೀಗೆ ಕೂರುತ್ತದೆ. ಆದರೆ ಕಾರ್ಡ್ ಮಗುಚಿಕೊಂಡು ಬಿ, ಡಿ, ಎಫ್, ಜಿ ಎಂದು ಬಂದಾಗ ಎರಡು ಸ್ವರಗಳು ಒಂದಕ್ಕೊಂದು ಅಂಟಿಕೊಂಡು ನಿಲ್ಲುತ್ತವೆ. ಕಣ್ಣು ಹುಡುಕಬೇಕಾದದ್ದು ಆ ಜೋಡಿಯನ್ನು. ಅದರಲ್ಲಿ ಮೇಲಿರುವುದು ಮೂಲಸ್ವರ, ಕೆಳಗಿರುವುದು ಏಳನೆಯ ಸ್ವರ. ಇಲ್ಲಿ ಎಫ್ ಮತ್ತು ಜಿ ಜೋಡಿಯಾಗಿರುವುದರಿಂದ ಮೂಲ ಜಿ.

ಕಾರ್ಡಿನ ಕೆಳಗೆ ಬರೆಯುವ 6-5, 4-3, 4-2 ಎಂಬ ಅಂಕಿಗಳು ಹೇಳುವುದೂ ಇದನ್ನೇ. ಅವು ಕೆಳಸ್ವರದಿಂದ ಎಣಿಸಿದ ದೂರಗಳು: 6-5 ಇದ್ದರೆ ಆರನೆಯದು ಮೂಲ, 4-3 ಇದ್ದರೆ ನಾಲ್ಕನೆಯದು ಮೂಲ, 4-2 ಇದ್ದರೆ ಎರಡನೆಯದು ಮೂಲ. ಬಾಯಿಪಾಠ ಮಾಡುವ ಬದಲು ಜೋಡಿ ಎಲ್ಲಿ ಕುಳಿತಿದೆ ಎಂದು ನೋಡಿಕೊಂಡರೆ ಈ ಅಂಕಿಗಳು ತಾವಾಗಿಯೇ ಹೊಳೆಯುತ್ತವೆ. ಹೇಗೆ ಮಗುಚಿದರೂ ಮೂಲ ಒಂದೇ ಎಂಬ ವಿಚಾರವನ್ನು 1722ರಲ್ಲಿ ಫ್ರಾನ್ಸಿನ ಸಂಗೀತಗಾರ ಜಾನ್ ಫಿಲಿಪ್ ರಾಮೋ ಶಾಸ್ತ್ರವಾಗಿ ನಿಲ್ಲಿಸಿದನು. ಆ ಮೂಲವು ಷಡ್ಜದಿಂದ ಎಣಿಸಿದರೆ ಎಷ್ಟನೆಯ ಮೆಟ್ಟಿಲಿನ ಮೇಲಿದೆ ಎಂಬುದನ್ನು ರೋಮನ್ ಅಂಕಿಯಿಂದ ಗುರುತಿಸುವ ರೂಢಿ, ಜರ್ಮನಿಯ ಸಂಗೀತಶಾಸ್ತ್ರಜ್ಞ ಗಾಟ್‌ಫ್ರೀಡ್ ವೆಬರ್‌ನ ಬರಹಗಳ ಮೂಲಕ 19ನೆಯ ಶತಮಾನದಲ್ಲಿ ಹರಡಿತು.

ಈ ಜೋಡಿಯ ಸೂತ್ರ ನಿಲ್ಲುವುದು ಬರವಣಿಗೆಯನ್ನು ನೆಚ್ಚಿಕೊಂಡು, ಕಿವಿಯನ್ನಲ್ಲ. ಡಿಮಿನಿಶ್ಡ್ ಸೆವೆಂತ್ ಕಾರ್ಡನ್ನು ನೋಡಿ. ಹಾರ್ಮೋನಿಯಂ ಮೇಲೆ ಸ, ಕೋಮಲ ಗ, ತೀವ್ರ ಮ, ಶುದ್ಧ ಧ ಒತ್ತಿದರೆ ಅದು ನುಡಿಯುತ್ತದೆ. ಕರಿ ಬಿಳಿ ಎರಡನ್ನೂ ಲೆಕ್ಕ ಹಿಡಿದರೆ ಸ್ವರದಿಂದ ಸ್ವರಕ್ಕೆ ಸರಿಯಾಗಿ ಮೂರು ಹೆಜ್ಜೆ. ಮಗುಚಿದರೂ ಅದೇ ಮೂರು ಹೆಜ್ಜೆ. ಆದ್ದರಿಂದ 12 ಸ್ವರಸ್ಥಾನಗಳಲ್ಲಿ ಇಂಥ ಕಾರ್ಡುಗಳು ಕೇವಲ 3, ನಾಲ್ಕು ಸ್ವರಗಳಲ್ಲಿ ಯಾವುದು ಬೇಕಾದರೂ ಮೂಲವೆನಿಸಬಹುದು. ನಾವು ಧೈವತವೆಂದು ಕೇಳಿಸಿಕೊಳ್ಳುವ ಸ್ವರವನ್ನು ಪಾಶ್ಚಾತ್ಯರು ಎರಡು ಸಲ ಇಳಿಸಿದ ನಿಷಾದವೆಂದು ಬರೆಯುತ್ತಾರೆ. ಮೊದಲು ಇದು ನನಗೆ ಹಠವೆನಿಸಿತ್ತು. ಆ ಸ್ವರ ಮುಂದೆ ಎತ್ತ ಸಾಗಬೇಕೆಂಬುದನ್ನು ಬರವಣಿಗೆಯೇ ಹೇಳುತ್ತಿದೆ ಎಂದು ತಿಳಿದ ಮೇಲೆ ಅದರ ಬೆಲೆ ಅರಿವಾಯಿತು.

ಈ ಮಾತು ಹಿಂದೂಸ್ತಾನಿ ಕಿವಿಗೆ ಹೊಸದೇನಲ್ಲ. ಭೂಪ್ ಮತ್ತು ದೇಶಕಾರ್ ಎರಡರಲ್ಲಿಯೂ ಇರುವುದು ಸ ರಿ ಗ ಪ ಧ ಎಂಬ ಐದೇ ಸ್ವರಗಳು. ಭೂಪ್‌ನಲ್ಲಿ ವಾದಿ, ಅಂದರೆ ರಾಗದ ಮುಖ್ಯ ಸ್ವರ, ಗಾಂಧಾರ; ದೇಶಕಾರ್‌ನಲ್ಲಿ ವಾದಿ ಧೈವತ. ಒಂದು ರಾತ್ರಿಯ ಮೊದಲ ಪ್ರಹರದ ರಾಗ, ಇನ್ನೊಂದು ಬೆಳಗಿನ ರಾಗ. ಸ್ವರಗಳನ್ನು ಪಟ್ಟಿ ಮಾಡಿ ಕೊಟ್ಟರೆ ಯಾರೂ ರಾಗದ ಹೆಸರು ಹೇಳಲಾರರು, ನಡೆಯನ್ನು ಕೇಳಿಯೇ ಹೇಳಬೇಕು. ವಾದಿ ಸ್ವರವೂ ಕಾರ್ಡಿನ ಮೂಲಸ್ವರವೂ ಒಂದೇ ಎಂದು ನಾನು ಹೇಳುತ್ತಿಲ್ಲ. ಆದರೆ ಹೆಸರು ನಡೆಯಿಂದ ಹುಟ್ಟುತ್ತದೆ ಎಂಬ ತಿಳಿವಳಿಕೆ ನಮ್ಮಲ್ಲಿ ಮೊದಲಿನಿಂದಲೂ ಇದೆ, ಕಾರ್ಡ್ ಕಲಿಯುವವರು ಅದನ್ನು ಮನೆಯಲ್ಲಿಯೇ ಬಿಟ್ಟು ಬರಬೇಕಾಗಿಲ್ಲ.

ಹುಡುಗನ ಹಾಳೆಗೆ ಮರಳುತ್ತೇನೆ. ಸಿ, ಇ, ಜಿ, ಎ ಎಂಬಲ್ಲಿ ಜೋಡಿ ಜಿ ಮತ್ತು ಎ. ಸೂತ್ರದ ಪ್ರಕಾರ ಮೂಲ ಎ. ಮೂರನೆಯ ಸಾಲಿನಲ್ಲಿ ಅದರ ಬೆನ್ನಿಗೇ ಡಿ ಮೈನರ್ ಸೆವೆನ್, ಅನಂತರ ಜಿ ಸೆವೆನ್ ಬಂದಿದ್ದವು. ಎ, ಡಿ, ಜಿ ಎಂದು ಮೂಲಸ್ವರಗಳು ಐದೈದು ಮೆಟ್ಟಿಲು ಇಳಿಯುತ್ತ ಷಡ್ಜದ ಮನೆಯತ್ತ ನಡೆದಿದ್ದರಿಂದ ಅಲ್ಲಿ ಅದು ಎ ಮೈನರ್ ಸೆವೆನ್, ಅಂಕಿ 6-5. ಕೊನೆಯ ಸಾಲಿನಲ್ಲಿ ಜಿ ಸೆವೆನ್ ಕಾರ್ಡಿನ ಬಿ ಮೇಲಕ್ಕೆ ಸರಿದು ಸಿ ಆಗಿತ್ತು, ಎಫ್ ಕೆಳಕ್ಕೆ ಸರಿದು ಇ ಆಗಿತ್ತು. ಹಾಡು ಷಡ್ಜದ ಮೇಲೆ ನಿಂತುಬಿಟ್ಟಿತ್ತು. ಅಲ್ಲಿ ಧೈವತ ಮೆರುಗಿಗಾಗಿ ಸೇರಿದ ಸ್ವರ, ಕಾರ್ಡ್ ಸಿ ಸಿಕ್ಸ್.

ಹುಡುಗ ಎರಡನ್ನೂ ಎರಡೆರಡು ಸಲ ನುಡಿಸಿದ. "ಕೈ ಒಂದೇ ಕಡಿ ಇರ್ತೈತ್ರಿ ಸರ್, ಆದ್ರ ಮೊದಲನೇದು ಮುಂದ ಹೋಗಂತೈತಿ" ಎಂದು, ಪೆನ್ಸಿಲ್ ತೆಗೆದುಕೊಂಡು ಮೂರನೆಯ ಸಾಲಿನ ಕೆಳಗೆ ಸಣ್ಣಕ್ಷರದಲ್ಲಿ ರೋಮನ್ ಆರನ್ನು ಬರೆದು, ಅದರ ಪಕ್ಕದಲ್ಲಿ ಆರರ ಕೆಳಗೆ ಐದನ್ನು ಇಟ್ಟ.