ದಿನಾ ರಾತ್ರಿ ತಗೊಳ್ಳೋ ಆ ಒಂದು ಮಾತ್ರೆ ಬಗ್ಗೆ

ಹೋದ ಡಿಸೆಂಬರ್‌ನಲ್ಲಿ ಒಂದಿನ ರಾತ್ರಿ ಎರಡು ಗಂಟೆಗೆ ಎಚ್ಚರ ಆಗಿ ನೋಡಿದ್ರೆ ಮಗ ಹಾಸಿಗೆ ಮೇಲೆ ಎದ್ದು ಕೂತು ಮೊಣಕಾಲು ಗಟ್ಟಿಯಾಗಿ ಹಿಡ್ಕೊಂಡು ಅಳ್ತಿದ್ದ. "ಅವ್ವಾ, ಗ್ವಾಡಿ ಒಳಗಿಂದ ಯಾರೋ ಬರಾಕತ್ತಾರ" ಅಂದ. ಒಂಬತ್ತು ವರ್ಷದ ಹುಡುಗ, ಪುಣೆಯ ಆ ಚಳೀಲೂ ಬನಿಯನ್ ಬೆವರಿಗೆ ಒದ್ದೆ ಆಗಿ ಬೆನ್ನಿಗೆ ಅಂಟಿತ್ತು. ಆ ವಾರದಲ್ಲಿ ಅದು ಮೂರನೇ ಸಲ.

ನಾವಿರೋದು ವಾಕಡ್‌ನಲ್ಲಿ, ಸುತ್ತ ಎಲ್ಲಿ ನೋಡಿದ್ರೂ ಬಿಲ್ಡಿಂಗ್ ಏಳ್ತಾನೇ ಇರ್ತವೆ, ಬೆಳಿಗ್ಗೆ ಒರೆಸಿದ ಬಾಲ್ಕನಿ ಕಟ್ಟೆ ಮೇಲೆ ಸಂಜೆಗೆ ಬೆರಳಲ್ಲಿ ಹೆಸರು ಬರೀಬಹುದು ಅಷ್ಟು ಧೂಳು. ದೀಪಾವಳಿ ಪಟಾಕಿ ಹೊಗೆ ಆದ್ಮೇಲೆ ಇವನಿಗೆ ಕೆಮ್ಮು ಶುರುವಾಗಿ ರಾತ್ರಿ ಎದೆ ಸುಯ್ ಸುಯ್ ಅನ್ನೋಕೆ ಹತ್ತಿತು. ಡಾಕ್ಟ್ರು ಇನ್‌ಹೇಲರ್ ಕೊಟ್ರು, ಜೊತೆಗೆ ಅಲರ್ಜಿ, ಉಬ್ಬಸಕ್ಕೆ ಕೊಡೋ ಮಾಂಟೆಲುಕಾಸ್ಟ್ 5 ಎಂಜಿ, ಅಗಿದು ತಿನ್ನೋ ಗುಲಾಬಿ ಬಣ್ಣದ ಮಾತ್ರೆ, ದಿನಾ ರಾತ್ರಿ ಒಂದು. ಸಿಹಿಯಾಗಿರುತ್ತೆ, ಇವನು ಅದನ್ನ ಪೆಪ್ಪರ್‌ಮಿಂಟ್ ಥರ ಕೇಳಿ ಕೇಳಿ ತಿಂತಿದ್ದ, ಅದಕ್ಕೇ ಡಬ್ಬಿ ಫ್ರಿಜ್ ಮೇಲಿಂದ ಕಪಾಟಿನ ಒಳಗೆ ಹೋಯ್ತು, ಮಕ್ಕಳಿರೋ ಮನೇಲಿ ದಯವಿಟ್ಟು ಹಾಗೇ ಮಾಡಿ.

ಎರಡು ವಾರಕ್ಕೆ ಎದೆ ಸುಧಾರಿಸ್ತು ಆದ್ರೆ ಹುಡುಗ ಬದಲಾದ. ತಟ್ಟೆ ತಳ್ಳೋದು, ತಂಗಿ ಮೇಲೆ ಸುಮ್ಸುಮ್ನೆ ಕೈ ಎತ್ತೋದು, ಮಲಗೋಕೆ ಹೆದರೋದು. ಸ್ಕೂಲಿಂದ ಟೀಚರ್ ಫೋನ್ ಮಾಡಿ "ಖೂಪ್ ಚಿಡ್‌ಚಿಡ್ ಕರತೋಯ್" ಅಂದ್ರು, ಅಂದ್ರೆ ತುಂಬಾ ಸಿಡುಕ್ತಾನೆ ಅಂತ. ಅದೇ ಜೂನ್‌ನಲ್ಲಿ ಸ್ಕೂಲ್ ಬದಲಾಯಿಸಿದ್ವಿ, ಹೊಸ ಸ್ಕೂಲಿನ ಟೆನ್ಷನ್ ಅಂದ್ಕೊಂಡ್ವಿ. ಧಾರವಾಡದಿಂದ ಅವ್ವ "ದೃಷ್ಟಿ ತಗಿಯವಾ, ಕೂಸಿಗೆ ಯಾರದರ ಕಣ್ಣ ಬಿದ್ದಿರಬೇಕು" ಅಂದ್ಳು, ಉಪ್ಪು ಮೆಣಸಿನಕಾಯಿ ಇಳಿಸಿದ್ದೂ ಆಯ್ತು. ಮಾತ್ರೆ ಕಡೆ ನಮ್ಮ ಯಾರ ಯೋಚನೆಯೂ ಹೋಗ್ಲಿಲ್ಲ, ಯಾಕಂದ್ರೆ ಅಲರ್ಜಿ ಮಾತ್ರೆ ಅಂದ್ರೆ ನೆಗಡಿ ಮಾತ್ರೆ ಥರ ಅಂತ ನಮ್ಮ ತಲೇಲಿ ಕೂತಿತ್ತು.

ಮೆಡಿಕಲ್‌ನವರು ಮೊದಲ ತಿಂಗಳು ಸ್ಟ್ರಿಪ್ ಕತ್ತರೀಲಿ ಕತ್ತರಿಸಿ ಹದಿನೈದೇ ಮಾತ್ರೆ ಕೊಟ್ಟಿದ್ರು, ಹೆಸರು ಅರ್ಧ, ಎಕ್ಸ್‌ಪೈರಿ ಡೇಟ್ ಇಲ್ವೇ ಇಲ್ಲ. ಎರಡನೇ ಸಲ ಪೂರ್ತಿ ಬಾಕ್ಸ್ ತಂದಾಗ ಒಳಗೆ ಮಡಚಿಟ್ಟ ಚೀಟಿ ಸಿಕ್ತು. ಇರುವೆ ಸಾಲಿನಂಥ ಅಕ್ಷರ, ಅಡುಗೆ ಮನೆ ಕಟ್ಟೆ ಮೇಲೆ ಹರಡಿ ಫೋನಿನ ಟಾರ್ಚ್ ಹಾಕ್ಕೊಂಡು ಓದಿದೆ. ಕೆಟ್ಟ ಕನಸು, ನಿದ್ದೆ ಕೆಡೋದು, ಸಿಡುಕು, ನಿದ್ದೇಲಿ ನಡೆಯೋದು, ಮನಸ್ಸು ಮಂಕಾಗೋದು, ಸಾಯೋ ಯೋಚನೆ ಬರೋದು. ಎಲ್ಲಾ ಅಲ್ಲೇ ಬರೆದಿತ್ತು. ಕೈ ನಡುಗ್ತು ನಂಗೆ.

ಆಮೇಲೆ ಗೊತ್ತಾಗಿದ್ದು, ಈ ಔಷಧ ಅಮೆರಿಕಾದಲ್ಲಿ 1998ರಿಂದ ಇದೆ, ಅಲ್ಲಿ ಔಷಧಗಳ ಮೇಲೆ ಕಣ್ಣಿಡೋ ಸರ್ಕಾರಿ ಸಂಸ್ಥೆ ಎಫ್‌ಡಿಎ 2020ರ ಮಾರ್ಚ್‌ನಲ್ಲಿ ಇದಕ್ಕೆ ಬಾಕ್ಸ್ ವಾರ್ನಿಂಗ್ ಹಾಕಿಸ್ತು, ಅಂದ್ರೆ ಔಷಧದ ಮೇಲೆ ಅವರು ಹಾಕೋ ಎಚ್ಚರಿಕೆಗಳಲ್ಲೇ ದೊಡ್ಡದು. ಬರೀ ಸೀನು, ಮೂಗು ಸೋರೋದು ಅಷ್ಟೇ ಇದ್ರೆ ಬೇರೆ ಔಷಧ ಮೊದಲು ನೋಡಿ, ಅದು ನಾಟದೇ ಇದ್ರೆ ಅಥವಾ ಒಗ್ಗದೇ ಇದ್ರೆ ಮಾತ್ರ ಇದು ಅಂತಾನೂ ಹೇಳಿದ್ದಾರೆ. ಮೊದಲಿಂದ ಮನಸ್ಸಿನ ತೊಂದರೆ ಇದ್ದೋರಿಗೇ ಆಗುತ್ತೆ ಅಂತಲ್ಲ, ಏನೂ ಇಲ್ಲದೋರಿಗೂ ಆಗಬಹುದು, ಕೆಲವರಿಗೆ ಮಾತ್ರೆ ಬಿಟ್ಟ ಮೇಲೂ ಸ್ವಲ್ಪ ದಿನ ಇರಬಹುದು.

ಬೆಳಿಗ್ಗೆನೇ ಡಾಕ್ಟ್ರಿಗೆ ಫೋನ್ ಮಾಡಿದೆ. ಇವತ್ತಿಂದ ಮಾತ್ರೆ ಬೇಡ, ಇನ್‌ಹೇಲರ್ ಮಾತ್ರ ಒಂದು ದಿನಾನೂ ತಪ್ಪಿಸಬೇಡಿ, ಎರಡು ದಿನದಲ್ಲಿ ಕರ್ಕೊಂಡು ಬನ್ನಿ ಅಂದ್ರು. ಹತ್ತು ದಿನ ಆದ್ಮೇಲೆ ಒಂದು ರಾತ್ರಿ ಅವನು ಪೂರ್ತಿ ಮಲಗಿದ. ನಾನು ಮಲಗಲಿಲ್ಲ, ಪಕ್ಕದಲ್ಲಿ ಕೂತು ಉಸಿರು ಕೇಳ್ತಾ ಇದ್ದೆ.

ಇದನ್ನ ಓದಿ ಯಾರೂ ಮಾತ್ರೆ ಕಸದ ಬುಟ್ಟಿಗೆ ಎಸೀಬೇಡಿ. ನಾನೇ ಮಾಂಟೆಲುಕಾಸ್ಟ್ 10 ಎಂಜಿ ಜೊತೆ ಲಿವೋಸಿಟ್ರಿಜಿನ್ ಅನ್ನೋ ಇನ್ನೊಂದು ಅಲರ್ಜಿ ಔಷಧ 5 ಎಂಜಿ ಸೇರಿರೋ ಮಾತ್ರೆ ತಗೊಳ್ತೀನಿ, ಎರಡು ವರ್ಷ ಆಯ್ತು, ನಂಗೇನೂ ಆಗಿಲ್ಲ, ಸಿಂಹಗಡ ಕೋಟೆ ಹತ್ತೋ ಹಾಗಾಗಿದೆ. ಧೂಳು ಒಳಗೆ ಹೋದಾಗ ಮೈ ಲ್ಯೂಕೋಟ್ರಯೀನ್ ಅನ್ನೋ ಒಂದು ಪದಾರ್ಥ ಬಿಡುತ್ತೆ, ಅದರಿಂದ ಉಸಿರಿನ ನಾಳ ಊದಿ ಬಿಗಿಯುತ್ತೆ, ಮಾಂಟೆಲುಕಾಸ್ಟ್ ಅದು ಹೋಗಿ ಕೂರೋ ಜಾಗಾನೇ ಮುಚ್ಚುತ್ತೆ. ಅದಕ್ಕೇ ಇದನ್ನ ಆರಾಮಿದ್ದ ದಿನಾನೂ ತಗೋಬೇಕು, ಉಬ್ಬಸ ಬಂದಾಗ ನುಂಗಿದ್ರೆ ಏನೂ ಪ್ರಯೋಜನ ಇಲ್ಲ. ನಮ್ಮ ಬಿಲ್ಡಿಂಗ್‌ನ ಒಬ್ರು ಗಣಪತಿ ಮೆರವಣಿಗೇಲಿ ಉಸಿರು ಕಟ್ಟಿದಾಗ ಈ ಮಾತ್ರೆ ಎರಡು ನುಂಗಿ ಅರ್ಧ ಗಂಟೆ ಕಾಯ್ತಾ ಕೂತಿದ್ರಂತೆ, ತುಟಿ ನೀಲಿ ಆದ್ಮೇಲೆ ಆಸ್ಪತ್ರೆಗೆ ಒಯ್ದಿದ್ದಾರೆ. ಆಗ ಬೇಕಾಗೋದು ಉಸಿರಿನ ನಾಳ ಬೇಗ ಸಡಿಲಿಸೋ ಸಾಲ್ಬುಟಮಾಲ್ ಇನ್‌ಹೇಲರ್, ಅದು ಜೇಬಲ್ಲಿ ಇರ್ಲೇಬೇಕು. ಒಂದು ರಾತ್ರಿ ಮರೆತ್ರೆ ಮರುದಿನ ಎರಡು ನುಂಗೋದೂ ಬೇಡ, ಮಾಮೂಲಿ ಟೈಮಿಗೆ ಒಂದೇ ಸಾಕು. ಲಿವೋಸಿಟ್ರಿಜಿನ್ ಇರೋದ್ರಿಂದ ತೂಕಡಿಕೆ ಬರಬಹುದು, ತಗೊಂಡು ಗಾಡಿ ಓಡಿಸೋದು ಬೇಡ, ಅದರ ಮೇಲೆ ಕುಡಿಯೋದಂತೂ ಬೇಡವೇ ಬೇಡ. ಆಸ್ಪಿರಿನ್ ಥರದ ನೋವಿನ ಮಾತ್ರೆಯಿಂದ ಉಬ್ಬಸ ಬರೋರು ಇದನ್ನ ತಗೊಳ್ತಿದ್ರೂ ಅದರಿಂದ ದೂರ ಇರಬೇಕು.

ಇನ್ನು ಮಳೆಗಾಲದಲ್ಲಿ ಸ್ಟ್ರಿಪ್‌ನಿಂದ ಬಿಡಿಸಿ ಡಬ್ಬೀಲಿ ಹಾಕಿಡಬೇಡಿ, ಈ ಮಾತ್ರೆಗೆ ತೇವ, ಬೆಳಕು ಎರಡೂ ಆಗಲ್ಲ.

ಈಗ ನಂಗೆ ಚಿಂತೆ ಅವ್ವಂದು. ನಾನು ತಗೊಳ್ಳೋ ಅದೇ ಮಾತ್ರೆನ ಅವಳು ನಾಲ್ಕು ವರ್ಷದಿಂದ ಡಾಕ್ಟ್ರು ಬರೆದ ಒಂದೇ ಹಳೇ ಚೀಟಿ ತೋರಿಸಿ ತರಿಸ್ಕೊಳ್ತಿದ್ದಾಳೆ ಅಂತ ಹೋದ ವಾರ ಗೊತ್ತಾಯ್ತು. "ಅದೊಂದ್ ಸಣ್ಣ ಗುಳಿಗಿ, ಏನಾಗ್ತದ ಬಿಡ" ಅಂತಾಳೆ. ಅವಳಿಗೆ ಸಕ್ಕರೆ ಕಾಯಿಲೆ ಇದೆ, ಕಿಡ್ನಿ ರಿಪೋರ್ಟ್ ಈ ಸಲ ಸರಿ ಬಂದಿಲ್ಲ, ಲಿವೋಸಿಟ್ರಿಜಿನ್ ಹೊರಗೆ ಹೋಗೋದೇ ಕಿಡ್ನಿ ಮೂಲಕ, ಕಿಡ್ನಿ ಸೋತಿದ್ರೆ ಡೋಸ್ ಇಳಿಸಬೇಕು, ಪೂರ್ತಿ ಸೋತಿದ್ರೆ ಕೊಡೋ ಹಾಗೇ ಇಲ್ಲ. ಹಾಗಂತ ತಾನೇ ಥಟ್ಟನೆ ಬಿಟ್ರೂ ಕಷ್ಟ, ಲಿವೋಸಿಟ್ರಿಜಿನ್ ಬಹಳ ದಿನ ತಗೊಂಡು ನಿಲ್ಲಿಸಿದ ಕೆಲವರಿಗೆ ಮೈಯೆಲ್ಲ ವಿಪರೀತ ಕಡಿತ ಬರುತ್ತೆ ಅಂತ 2025ರ ಮೇನಲ್ಲಿ ಎಫ್‌ಡಿಎ ಹೇಳಿದೆ. ಫೋನಲ್ಲಿ ಇಷ್ಟೆಲ್ಲಾ ಹೇಳಿದೆ, ಸುಮ್ನೆ ಕೇಳಿಸ್ಕೊಂಡ್ಳು, ಆಮೇಲೆ "ಕೂಸು ಈಗ ಸರಿಯಾಗಿ ಮಲಗ್ತದೇನವಾ" ಅಂತ ಕೇಳಿದ್ಳು. ಹೂಂ ಅಂದೆ. "ಹಂಗಾರ ತೋರಸ್ಕೊಂಡ್ ಬರ್ತೇನಿ ತಗೋ" ಅಂದ್ಳು. ಗುರುವಾರ ತಮ್ಮ ಕರ್ಕೊಂಡು ಹೋಗ್ತಾನೆ, ಕಿಡ್ನಿಯ ಕ್ರಿಯಾಟಿನಿನ್ ರಿಪೋರ್ಟ್, ಆ ಹಳೇ ಚೀಟಿ, ಮನೇಲಿ ಉಳಿದಿರೋ ಸ್ಟ್ರಿಪ್ ಮೂರೂ ಒಂದೇ ಚೀಲದಲ್ಲಿ ಹಾಕಿಡು ಅಂತ ಹೇಳಿದ್ದೀನಿ.