197ನೇ ಸಾಲು ಸೊನ್ನೆಗೆ ಬಂತು

ಕ್ಯಾತ್ಸಂದ್ರದ ಮನೆ ಅಟ್ಟದಿಂದ ಇಳಿಸಿದ ಐದು ಹಾರ್ಡ್‌ಡಿಸ್ಕ್‌ಗಳಲ್ಲಿ ಮೂರರ ತಪಾಸಣೆ ಹೋದ ವಾರವೇ ಮುಗಿದಿತ್ತು. ಉಳಿದಿದ್ದು 1 ಟಿಬಿಯ ಎರಡು.

ಶನಿವಾರ. ಮೊದಲನೆಯದಕ್ಕೆ ಸ್ಮಾರ್ಟ್‌ಸಿಟಿಎಲ್ ಹಾಕಿದೆ, ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಇಟ್ಟುಕೊಂಡ ಲೆಕ್ಕ ತೋರಿಸುವ ಪ್ರೋಗ್ರಾಂ ಅದು. ಉದ್ದದ ಪಟ್ಟಿ ಬರುತ್ತದೆ, ನಾನು ಮೊದಲು ನೋಡುವುದು 5 ಮತ್ತು 197 ನಂಬರಿನ ಸಾಲುಗಳನ್ನು. ಕೆಟ್ಟ ಸೆಕ್ಟರ್‌ಗೆ (ಡೇಟಾ ಇಡುವ ಚಿಕ್ಕ ತುಂಡಿಗೆ) ಡಿಸ್ಕ್ ಈಗಾಗಲೇ ಬದಲಿ ಜಾಗ ಕೊಟ್ಟಿದ್ದರೆ ಅದರ ಲೆಕ್ಕ 5ರಲ್ಲಿ. ಓದಲು ಆಗದೆ, ಏನು ಮಾಡಬೇಕೆಂದು ತೀರ್ಮಾನವಾಗದೆ ಕೂತಿರುವ ಸೆಕ್ಟರ್‌ಗಳದ್ದು 197ರಲ್ಲಿ. ಇದರಲ್ಲಿ 5 ಸೊನ್ನೆ, 197 ಎಂಟು. ಎಂಟು ಅಂದ ತಕ್ಷಣ ಅನುಮಾನ ಬಂತು. ಲೆಕ್ಕ ಬರುವುದು 512 ಬೈಟ್‌ನ ತುಂಡುಗಳಲ್ಲಿ. ಅಂಥ ಎಂಟು ಸೇರಿದರೆ 4096, ಅಂದರೆ ಹಾಳಾಗಿರುವುದು ಒಂದೇ ಒಂದು 4ಕೆ (4096 ಬೈಟ್‌ನ) ಸೆಕ್ಟರ್ ಇರಬೇಕು.

ಒಳಗಿದ್ದ ಫೋಟೋ ಎಲ್ಲ ಬೇರೆ ಕಡೆ ಇಟ್ಟು, ಬ್ಯಾಡ್‌ಬ್ಲಾಕ್ಸ್ ಅನ್ನೋ ಪ್ರೋಗ್ರಾಂನಲ್ಲಿ ಬರೆದು ಓದಿ ನೋಡುವ ಪರೀಕ್ಷೆ ಶುರು ಮಾಡಿದೆ. ಇದು ಡಿಸ್ಕ್‌ನಲ್ಲಿರುವುದನ್ನೆಲ್ಲ ಅಳಿಸುತ್ತದೆ, ಮರೆಯಬೇಡಿ. ಬರೆಯುವ ಮಾದರಿ ಎಎ, 55, ಎಫ್‌ಎಫ್, 00 ಅಂತ ಒಂದೊಂದಕ್ಕೆ ಒಂದರಂತೆ ನಾಲ್ಕು ಸುತ್ತು. ಪ್ರತಿ ಸುತ್ತಲ್ಲೂ ಪೂರ್ತಿ ಬರೆದು ಪೂರ್ತಿ ಓದಬೇಕು. ಸೆಕೆಂಡಿಗೆ ಸರಾಸರಿ 100 ಎಂಬಿ ಸಿಕ್ಕರೂ 22 ಗಂಟೆ. ಬಿಸಿ 47 ಡಿಗ್ರಿಗೆ ಏರಿತು. ಟೇಬಲ್ ಫ್ಯಾನ್ ಎಳೆದುಕೊಂಡು ಬಂದು ಇಟ್ಟೆ, 39ಕ್ಕೆ ಇಳಿಯಿತು. "ನನಗಿಲ್ಲದ ಫ್ಯಾನು ಆ ಡಬ್ಬಕ್ಕೆ ಬೇಕಾ?" ಅಂದರು ಅಮ್ಮ.

ಭಾನುವಾರ ಮೂರನೇ ಸುತ್ತಲ್ಲಿ ಕರೆಂಟ್ ಹೋಯ್ತು. ಯುಪಿಎಸ್ ಹತ್ತು ನಿಮಿಷ ಕೂಗಿ ಸುಮ್ಮನಾಯಿತು. ಮತ್ತೆ ಮೊದಲಿಂದ.

ಸೋಮವಾರ ರಾತ್ರಿ ಮುಗಿದಾಗ ತಪ್ಪು ಒಂದೂ ಇಲ್ಲ. 197 ಸೊನ್ನೆ, 5 ಕೂಡ ಸೊನ್ನೆಯೇ. ಅಂದರೆ ಡೇಟಾ ಬರೆಯುವ ಒಳಗಿನ ತಟ್ಟೆ ಕೆಟ್ಟಿರಲಿಲ್ಲ. ಯಾವಾಗಲೋ ಹೀಗೇ ಕರೆಂಟ್ ಹೋಗಿ ಅರ್ಧ ಬರೆದು ನಿಂತ ಸೆಕ್ಟರ್ ಇರಬೇಕು, ಹೊಸದಾಗಿ ಬರೆದಾಗ ಸರಿಹೋಯಿತು. ಈ ಡಿಸ್ಕ್ ಎರಡನೇ ಬ್ಯಾಕಪ್‌ಗೆ ಇರಲಿ. ಒಂದೇ ಬ್ಯಾಕಪ್ ಅಂತ ಮಾತ್ರ ಇದನ್ನು ನಂಬಲ್ಲ.

ಇನ್ನೊಂದರ ಕಥೆ ಚಿಕ್ಕದು. 5ನೇ ಸಾಲು ಶುರುವಿಗೆ 16. ಇಷ್ಟೇ ಇದ್ದು ಅಲ್ಲೇ ನಿಂತಿದ್ದರೆ ಉಳಿಸಿಕೊಳ್ಳುತ್ತಿದ್ದೆ. ಮೊದಲ ಸುತ್ತು ಮುಗಿದಾಗ 64, ಎರಡನೆಯದರ ಮಧ್ಯದಲ್ಲೇ 200 ದಾಟಿತು, ಜೊತೆಗೆ ಟಕ್ ಟಕ್ ಸದ್ದು ಬೇರೆ. ಕೇಬಲ್ ತಪ್ಪೂ ಅಲ್ಲ. ಹಾಗಿದ್ದರೆ ಕೇಬಲ್‌ನಲ್ಲಿ ಆಗುವ ತಪ್ಪುಗಳ ಲೆಕ್ಕವಿರುವ 199ನೇ ಸಾಲು ಏರಬೇಕಿತ್ತು, ಅದು ಅಲ್ಲಾಡಿಲ್ಲ. ನಿಲ್ಲಿಸಿಬಿಟ್ಟೆ.

ಆ ಡಿಸ್ಕ್‌ನ ಮುಚ್ಚಳದ ಸ್ಕ್ರೂಗಳು ನಕ್ಷತ್ರದ ತಲೆಯವು, ಟಿ8 ಅಳತೆಯ ಸ್ಕ್ರೂಡ್ರೈವರ್ ಬೇಕು. ಬಿಚ್ಚಿ ತೆಗೆದ ಎರಡು ಅಯಸ್ಕಾಂತ ಈಗ ಅಡುಗೆಮನೆಯಲ್ಲಿ ಚಾಕು ಹಿಡಿದುಕೊಂಡಿವೆ. ಫ್ಯಾನ್ ಅಮ್ಮನ ಕೋಣೆಗೆ ವಾಪಸ್ಸು ಹೋಗಿದೆ.